ಅರ್ಧ ಸತ್ತ ಸ್ವಿಚ್

2004ರಲ್ಲಿ ನಾನು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿದ್ದ ಖಾಸಗಿ ಕಂಪನಿಯೊಂದರಲ್ಲಿ ನೆಟ್‌ವರ್ಕ್ ಎಂಜಿನಿಯರ್ ಆಗಿದ್ದೆ. ಹುಬ್ಬಳ್ಳಿ ಬಿಟ್ಟು ನಾಲ್ಕು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ವಡೋದರಾದ ಮಕರಪುರದ ಹತ್ತಿರದ ಒಂದು ಆಸ್ಪತ್ರೆಗೆ ಹೊಸ ನೆಟ್‌ವರ್ಕ್ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು.

ವಿನ್ಯಾಸ ಸರಳವಾಗಿತ್ತು. ಕಂಪ್ಯೂಟರುಗಳ ಮಾಹಿತಿಯನ್ನು ಅತ್ತಿತ್ತ ದಾಟಿಸುವ ಪೆಟ್ಟಿಗೆಗಳಿಗೆ ಸ್ವಿಚ್ ಎನ್ನುತ್ತಾರೆ. ಅಂಥ ದೊಡ್ಡ ಸ್ವಿಚ್‌ಗಳು ಎರಡು: ಒಂದು ಮುಖ್ಯ ಕಟ್ಟಡದ ಎರಡನೇ ಮಹಡಿಯಲ್ಲಿ, ಇನ್ನೊಂದು ಹಿಂದಿನ ಕಟ್ಟಡದಲ್ಲಿ, ಸರ್ವರ್‌ಗಳ ಜೊತೆ. ಪ್ರತಿ ವಿಭಾಗದ ಚಿಕ್ಕ ಸ್ವಿಚ್‌ನಿಂದ ಈ ಎರಡಕ್ಕೂ ಒಂದೊಂದು ಫೈಬರ್ ಕೇಬಲ್ ಹೋಗುತ್ತಿತ್ತು; ದೊಡ್ಡವೆರಡರ ನಡುವೆಯೂ ಕೇಬಲ್ ಇತ್ತು. ತನ್ನಿಂದ ಹೊರಟ ಎರಡು ಕೇಬಲ್‌ಗಳನ್ನು ಚಿಕ್ಕ ಸ್ವಿಚ್ ಒಂದೇ ದಾರಿಯೆಂದು ನಂಬಿ, ಕೆಲಸವನ್ನು ಎರಡಕ್ಕೂ ಹಂಚುತ್ತಿತ್ತು. ಇದಕ್ಕೆ ಲಿಂಕ್ ಅಗ್ರಿಗೇಶನ್ ಎನ್ನುತ್ತಾರೆ. ಹೀಗೆ ಎರಡು ಬೇರೆ ಸ್ವಿಚ್‌ಗಳ ಮೇಲೆ ಕಟ್ಟುವ ಪದ್ಧತಿ ಆಗಿನ್ನೂ ಹೊಸದು. ಒಂದು ಸ್ವಿಚ್ ಸತ್ತರೆ ಎಲ್ಲವೂ ತಾನಾಗಿಯೇ ಇನ್ನೊಂದರ ಕಡೆ ಹರಿಯಬೇಕು. ಪರೀಕ್ಷೆಯ ದಿನ ಒಂದನೇ ಸ್ವಿಚ್‌ನ, ಅಂದರೆ ಎರಡನೇ ಮಹಡಿಯದರ, ಕರೆಂಟ್ ತೆಗೆದು ತೋರಿಸಿದೆ. ಯಾರ ಪರದೆಯೂ ಅಲುಗಲಿಲ್ಲ. ಆ ನಂಬಿಕೆಯ ಮೇಲೆ ಆಸ್ಪತ್ರೆಯವರು ಕಾಗದದ ರಿಜಿಸ್ಟರುಗಳನ್ನು ನಿಲ್ಲಿಸಿಬಿಟ್ಟರು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ, ನಾನು ಸಣ್ಣ ರಿಪೇರಿಗೆಂದು ಎರಡನೇ ಮಹಡಿಯ ಸ್ವಿಚ್ ಕೋಣೆಯಲ್ಲಿದ್ದೆ. ಜೊತೆಗೆ ಆಸ್ಪತ್ರೆಯ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಭರತ್‌ಭಾಯ್ ಇದ್ದರು. ಐವತ್ತು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ. ಕೆಳಗಿನಿಂದ ಒಮ್ಮೆಲೇ ಗಾಜು ಒಡೆಯುವ ಸದ್ದು, ಹೆಂಗಸರ ಚೀರಾಟ. ಹೆರಿಗೆಯಾದ ಹೆಂಗಸೊಬ್ಬಳು ಬೆಳಿಗ್ಗೆಯೇ ತೀರಿಕೊಂಡಿದ್ದಳು. ಮನೆಯವರಿಗೆ ‘ಚಿಕಿತ್ಸೆ ನಡೀತಾ ಇದೆ’ ಎಂದೇ ಹೇಳುತ್ತ ಬಂದಿದ್ದರಂತೆ. ಅವಳ ಗಂಡ ಮಹೇಶ್ ಸೂರತ್‌ನಲ್ಲಿ ವಜ್ರ ಪಾಲಿಶ್ ಮಾಡುವವನು, ಹೆಂಡತಿಗೆ ಗಂಭೀರವೆಂದು ತಿಳಿದು ರೈಲಿನಲ್ಲಿ ಬಂದಿಳಿದಿದ್ದ; ಸತ್ತದ್ದು ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ಅವನ ಅಣ್ಣತಮ್ಮಂದಿರು ಮಕರಪುರದ ಕಾರ್ಖಾನೆಗಳಲ್ಲಿದ್ದರು. ಕಬ್ಬಿಣದ ರಾಡು ಹಿಡಿದು ಮೂವತ್ತು ನಲವತ್ತು ಜನ ಮೆಟ್ಟಿಲೇರಿದರು.

ಆಡಳಿತಾಧಿಕಾರಿಯನ್ನು ಹುಡುಕುತ್ತಿದ್ದವರಿಗೆ ಸಿಕ್ಕಿದ್ದು ನಮ್ಮ ಗಾಜಿನ ಬಾಗಿಲು. ಭರತ್‌ಭಾಯ್ ಒಳಗಿನಿಂದ ಚಿಲಕ ಹಾಕಿ ಬೆನ್ನು ಕೊಟ್ಟು ನಿಂತರು. “ಪಾಟೀಲ್‌ಭಾಯ್, ನೀವು ಹಿಂಬಾಗಿಲಿಂದ ಹೋಗಿ,” ಎಂದರು. ಅಷ್ಟರಲ್ಲಿ ರಾಡು ಬಿತ್ತು. ಗಾಜು ಒಡೆದು, ಹೊರಗಿನವರು ಅವರ ತೋಳು ಹಿಡಿದು ಆ ಚೂಪು ಅಂಚಿನ ಮೇಲೆಯೇ ಎಳೆದರು. ರಕ್ತ ಚಿಮ್ಮಿ ಗೋಡೆಗೆ ಹಾರಿತು. ನಾನು ಅವರನ್ನು ಕಂಕುಳಲ್ಲಿ ಹಿಡಿದು ಹಿಂಬಾಗಿಲಿನಿಂದ ಎಳೆದುಕೊಂಡು ಹೋದೆ. ಮೆಟ್ಟಿಲ ತುಂಬ ಅವರ ರಕ್ತದ ಗೆರೆ. ಆಪರೇಷನ್ ಥಿಯೇಟರಿನವರು ಬಾಗಿಲು ಅರ್ಧ ತೆರೆದು ಅವರನ್ನು ಒಳಗೆಳೆದುಕೊಂಡರು.

ಐದು ನಿಮಿಷವೂ ಆಗಿರಲಿಲ್ಲ, ಮೊಬೈಲ್ ಬಡಿದುಕೊಂಡಿತು. ರಕ್ತನಿಧಿಯ ಡಾ. ಸುಮಂಗಲಾ, ಧಾರವಾಡದವರು.

“ಪಾಟೀಲ್ರ, ಭರತ್‌ಭಾಯ್ದು ಬಿ ನೆಗೆಟಿವ್ ಅದ. ನಿನ್ನೆ ಕ್ಯಾಂಪಿನಾಗ ತಂದ ಚೀಲದಾಗ ಎರಡು ಅವ. ಟೆಸ್ಟ್ ಮುಗದಾವ, ಆದ್ರ ಲೇಬಲ್ ಹಚ್ಚಿಲ್ಲ. ಯಾವ ನಂಬರಿನ ಚೀಲ ಅನ್ನೋದು ಕಂಪ್ಯೂಟರಿನಾಗ ಅಷ್ಟೇ ಅದ. ಪೇಷಂಟ್ ಹೆಸರು ಬರ್ತದ, ರಕ್ತದ ಲಿಸ್ಟ್ ಮಾತ್ರ ಬರವಲ್ದು!”

“ಕೈಯಿಂದ ಮತ್ತ ಟೆಸ್ಟ್ ಮಾಡ್ಲಿಕ್ಕೆ?”

“ಗುಂಪಷ್ಟೇ ಅಲ್ಲ, ರೋಗದ ಟೆಸ್ಟೂ ಮತ್ತ ಮಾಡಬೇಕು, ಗಂಟೆಗಟ್ಟಲೆ ಬೇಕ್ರೀ. ಅಷ್ಟು ಹೊತ್ತು ಅವರು ಉಳಿಯೂದಿಲ್ಲ.”

ಒಂದು ಬರುತ್ತದೆ, ಇನ್ನೊಂದು ಬರುವುದಿಲ್ಲ. ಆ ಮಾತಿನಲ್ಲೇ ನನಗೆ ಎಲ್ಲ ತಿಳಿಯಿತು. ಆ ಜನ ಸ್ವಿಚ್ ಕೋಣೆಯ ಗೋಡೆಯ ಮೇಲೆ ಕೇಬಲ್‌ಗಳನ್ನು ಹೊತ್ತಿದ್ದ ತಗಡಿನ ತಟ್ಟೆಯನ್ನು ಕಿತ್ತಿದ್ದರು. ಒಂದನೇ ಸ್ವಿಚ್‌ಗೂ ಹಿಂದಿನ ಕಟ್ಟಡಕ್ಕೂ ಇದ್ದ ಸಂಪರ್ಕ ಪೂರ್ತಿ ಕಡಿದಿತ್ತು. ವಿಭಾಗಗಳಿಂದ ಬರುವ ಕೇಬಲ್‌ಗಳು ಮಾತ್ರ ಚಾವಣಿಯ ಮೇಲೆ ಸುರಕ್ಷಿತವಾಗಿದ್ದವು. ಆದ್ದರಿಂದ ಚಿಕ್ಕ ಸ್ವಿಚ್‌ಗಳು ಒಂದನೆಯದು ಬದುಕಿದೆ ಎಂದೇ ನಂಬಿ ಅರ್ಧ ಕೆಲಸವನ್ನು ಅದಕ್ಕೆ ಕಳಿಸುತ್ತಿದ್ದವು. ಅದು ಎಲ್ಲಿಗೂ ದಾಟಿಸಲಾಗದೆ ನುಂಗಿಹಾಕುತ್ತಿತ್ತು. ರಕ್ತನಿಧಿಯ ಚಿಕ್ಕ ಸ್ವಿಚ್‌ನಿಂದ ಆ ಒಂದು ಕೇಬಲ್ ಕಿತ್ತರೂ ಸಾಕಿತ್ತು, ಆದರೆ ಚಿಕ್ಕ ಸ್ವಿಚ್‌ಗಳ ಕಪಾಟಿಗೆ ಉಕ್ಕಿನ ಬಾಗಿಲು, ಬೀಗ. ಕೀಲಿಗೊಂಚಲು ಭರತ್‌ಭಾಯ್ ಸೊಂಟದಿಂದ ಕಳಚಿ ಮೇಲೆಯೇ ಎಲ್ಲೋ ಬಿದ್ದಿತ್ತು. ಉಳಿದ ದಾರಿ ಒಂದೇ: ಮೇಲೆ ಹೋಗಿ ಆ ಸ್ವಿಚ್ಚನ್ನು ಕೊಲ್ಲಬೇಕು.

ಹಿಂಬಾಗಿಲಿನಿಂದ ತೆವಳಿಕೊಂಡೇ ಒಳಹೊಕ್ಕೆ. ಹತ್ತು ಹನ್ನೆರಡು ಜನ ಇನ್ನೂ ಅಲ್ಲಿದ್ದರು. ಕುರ್ಚಿಗಳು, ಮಾನಿಟರುಗಳು ಪುಡಿಯಾಗಿದ್ದವು. ಮೂಲೆಯ ರ‍್ಯಾಕಿನಲ್ಲಿ ನನ್ನ ಸ್ವಿಚ್ ಮಾತ್ರ ಏನೂ ಆಗದಂತೆ ಹಸಿರು ದೀಪಗಳನ್ನು ಮಿಣುಕಿಸುತ್ತಿತ್ತು. ಹಿಂದಿನಿಂದ ಕೈಹಾಕಿ ಒಂದು ಪ್ಲಗ್ ಎಳೆದೆ. ಅದು ಆರಲಿಲ್ಲ. ಒಂದು ಕೆಟ್ಟರೂ ಇನ್ನೊಂದು ಇರಲಿ ಎಂದು ಎರಡು ಯುಪಿಎಸ್‌ಗಳಿಂದ ಎರಡು ಪ್ಲಗ್ ಕೊಟ್ಟವನೂ ನಾನೇ. ಎರಡನೆಯದಕ್ಕೆ ಕೈಚಾಚುವಾಗ ಯಾರೋ ನೋಡಿದರು. ರಾಡು ಮಣಿಕಟ್ಟಿನ ಮೇಲೆ ಬಿತ್ತು. ಎಲುಬು ಮುರಿದ ಸದ್ದು ನನಗೇ ಕೇಳಿಸಿತು. ನೆಲಕ್ಕೆ ಬಿದ್ದವನ ಬೆನ್ನಿಗೆ, ಪಕ್ಕೆಲುಬಿಗೆ ಒದೆತಗಳು. ಬಾಯಲ್ಲಿ ಉಪ್ಪುಪ್ಪು ರಕ್ತ.

ರಾಡು ಮತ್ತೆ ಎತ್ತಿ ನಿಂತವನೇ ಮಹೇಶ್ ಎಂದು ನನಗೆ ಆಮೇಲೆ ಗೊತ್ತಾಯಿತು. ಕಣ್ಣು ಕೆಂಡವಾಗಿದ್ದವು, ಗಲ್ಲದ ಮೇಲೆ ನೀರು ಹರಿಯುತ್ತಿತ್ತು. ಅವನಿಗೆ ನೆಟ್‌ವರ್ಕ್, ರಕ್ತ, ಬಿ ನೆಗೆಟಿವ್ ಎಂದೆಲ್ಲ ವಿವರಿಸುವ ಹೊತ್ತು ಅದಲ್ಲ. ಮುರಿಯದ ಕೈಯಿಂದ ರ‍್ಯಾಕಿನ ಕಡೆ ತೋರಿಸಿ, ನನ್ನನ್ನಲ್ಲ, ಇದನ್ನು ಒಡೆ ಎಂದು ಹಿಂದಿಯಲ್ಲಿ ಕೂಗಿದೆ: “ಇಸ್ಕೋ ತೋಡೋ! ಭಾಯ್, ಮುಝೆ ನಹೀ, ಇಸ್ಕೋ ತೋಡೋ!”

ಅವನು ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ತಿರುಗಿ, ಇಡೀ ಮೈಯ ಬಲ ಹಾಕಿ ಬೀಸಿದ. ಒಂದು, ಎರಡು, ಮೂರು. ತಗಡು ಬಾಗಿತು, ಕಿಡಿ ಹಾರಿತು, ದೀಪಗಳು ಒಟ್ಟಿಗೇ ಆರಿದವು. ಆರು ವಾರ ಕೂತು ನಾನೇ ಜೋಡಿಸಿದ ಯಂತ್ರ ಅದು. ಅದು ಒಡೆಯುವುದನ್ನು ನೋಡುತ್ತ ನಾನು ಒಳಗೊಳಗೇ “ಇನ್ನೊಂದು ಹಾಕು” ಎನ್ನುತ್ತಿದ್ದೆ.

ಜೇಬಿನಲ್ಲಿ ಮೊಬೈಲ್ ನಡುಗಿತು. “ಬಂತ್ರೀ! ಲಿಸ್ಟ್ ಬಂತು, ಚೀಲ ಕಳಸೀನಿ!” ಸುಮಂಗಲಾ ಅವರು ಅಳುತ್ತಿದ್ದರು. ಪೊಲೀಸರು ಬಂದಾಗ ನಾನು ಆ ಗಾಜಿನ ಚೂರುಗಳ ಮೇಲೆಯೇ ಬಿದ್ದಿದ್ದೆ.

ಭರತ್‌ಭಾಯ್ ಉಳಿದರು. ಆದರೆ ಅವರ ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ.

ಸಾಕ್ಷಿ ಹೇಳಲು ವಡೋದರಾದ ಕೋರ್ಟಿಗೆ ಹೋದಾಗ ಮಹೇಶ್ ವರಾಂಡದಲ್ಲಿ ಕೂತಿದ್ದ. ಪೊಲೀಸರು ಪಕ್ಕದಲ್ಲಿದ್ದರೂ ಎದ್ದು ಬಂದು ಹಿಂದಿಯಲ್ಲಿ ಕೇಳಿದ, “ಅವತ್ತು ನೀವೇ ಯಾಕೆ ಒಡೆಸಿದಿರಿ?” ಹೇಳಿದೆ. “ಆ ಮನುಷ್ಯ ಬದುಕಿದನಾ?” ಎಂದ. ಬದುಕಿದರು ಎಂದೆ. “ನನ್ನ ಗೀತಾ ಹೋಗಿ ಮೂರು ಗಂಟೆಯಾಗಿತ್ತು. ಇದ್ದಾಳೆ, ಇದ್ದಾಳೆ ಅಂತಲೇ ಹೇಳಿದರು,” ಎಂದ. ಅವಳ ಹೆಸರು ನಾನು ಕೇಳಿದ್ದು ಅದೇ ಮೊದಲು.

ನಾನು ಪರೀಕ್ಷೆಯಲ್ಲಿ ಎರಡೂ ಪ್ಲಗ್ ಕಿತ್ತು ತೋರಿಸಿದ್ದು ಪೂರ್ತಿ ಸಾವನ್ನು. ಅದನ್ನು ಯಾವ ವ್ಯವಸ್ಥೆಯೂ ಗುರುತಿಸುತ್ತದೆ. ಅರ್ಧ ಸತ್ತದ್ದು ‘ನಾನಿದ್ದೇನೆ’ ಎನ್ನುತ್ತಲೇ ತನ್ನನ್ನು ನಂಬಿದವರನ್ನು ಮುಳುಗಿಸುತ್ತದೆ. ಆಮೇಲೆ ನಿವೃತ್ತಿಯವರೆಗೂ ನಾನು ಕಟ್ಟಿದ ಪ್ರತಿಯೊಂದು ಸ್ವಿಚ್ ಜೋಡಿಯನ್ನೂ ಒಂದೊಂದೇ ಕೇಬಲ್ ಕಿತ್ತು ಪರೀಕ್ಷಿಸಿದೆ. ಕೆಲಸ ಒಪ್ಪಿಸುವ ದಿನ ಗ್ರಾಹಕರಿಗೆ ಒಂದು ಪ್ರಶ್ನೆ ಕೇಳುತ್ತಿದ್ದೆ: ಇದು ಅರ್ಧ ಸತ್ತ ದಿನ, ಇದನ್ನು ಪೂರ್ತಿ ಆರಿಸುವವರು ಯಾರು? ಕಾಗದದ ಮೇಲೆ ಒಬ್ಬರ ಹೆಸರು ಬೀಳುವವರೆಗೆ ನಾನು ಸಹಿ ಹಾಕುತ್ತಿರಲಿಲ್ಲ.