ಅತ್ತೆ ಮದ್ದೂರಿನ ಮನೆ ಮಾರಿದ ವರ್ಷ

ಹೋದ ತಿಂಗಳು ನಮ್ಮ ಪಕ್ಕದ ಮನೆಯವರು ಹಿತ್ತಲ ಗೋಡೆಗೆ ಬಳಿಯಲೆಂದು ಸುಣ್ಣದ ಕಲ್ಲು ತರಿಸಿದ್ದರು. ಈ ಕಾಲದಲ್ಲಿ ಯಾರು ಸುಣ್ಣ ಬಳಿಯುತ್ತಾರೆ... ಆ ಮನೆಯ ಅಜ್ಜನ ಹಟವಂತೆ. ಡ್ರಮ್ಮಿಗೆ ನೀರು ಹೊಯ್ದದ್ದೇ ತಡ, ಸುಣ್ಣ ಸುಯ್ಯೆಂದು ಕುದಿಯತೊಡಗಿತು. ಆ ಬಿಸಿ ಬಿಸಿ ವಾಸನೆ ಕಾಂಪೌಂಡು ದಾಟಿ ಬಂದಾಗ ನಾನು ಬಟ್ಟೆ ಒಣಹಾಕುತ್ತಿದ್ದವಳು ಕೈಯಲ್ಲಿ ಹಿಂಡಿದ ಸೀರೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಮದ್ದೂರಿನ ಹಳೆಯ ಮನೆಯ ಹಜಾರ, ತಲೆಗೆ ಟವಲು ಸುತ್ತಿಕೊಂಡು ಏಣಿ ಹತ್ತಿ ನಿಂತ ನನ್ನ ಸೋದರತ್ತೆ, ಕೆಳಗೆ ಬಕೆಟ್ಟು ಹಿಡಿದ ನಾನು.

"ನೀಲಿ ಇನ್ನೊಂದು ಚೂರು ಹಾಕೇ! ಕೊಳ್ಳೋಕೆ ಬಂದೋರ ಕಣ್ಣು ಕೋರೈಸ್ಬೇಕು!"

ಅದು ಎಪ್ಪತ್ತರ ದಶಕದ ಕೊನೆಯ ಭಾಗ. ನನಗೆ ಇಪ್ಪತ್ತೊಂದು ವರ್ಷ. ಮಂಡ್ಯದಲ್ಲಿ ಡಿಗ್ರಿ ಮುಗಿಸಿ, ಕೆಲಸ ಸಿಗದೆ, ಟೈಪಿಂಗ್ ಕಲಿಯುವ ನೆಪದಲ್ಲಿ ಮದ್ದೂರಿನಲ್ಲಿ ಅತ್ತೆಯ ಜೊತೆ ಇದ್ದೆ. ಅವಳು ನಮ್ಮಪ್ಪನ ಅಕ್ಕ, ಅಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಮೇಡಂ. ಹತ್ತೊಂಬತ್ತನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು. ಆಗ ಅವಳ ಗಂಡನ ತಾಯಿ ಅಡುಗೆಮನೆಯ ಪಕ್ಕದ ಒಂದು ಕೋಣೆ ತೋರಿಸಿ, ಇನ್ನು ಮೇಲೆ ನಿನ್ನ ಜಾಗ ಇದು ಎಂದರಂತೆ. ಆ ಕೋಣೆಗೆ ಕಿಟಕಿಯಿರಲಿಲ್ಲ. ಹಾಡುಹಗಲಲ್ಲೇ ಬುಡ್ಡಿ ಹಚ್ಚಿಕೊಂಡು ಓದಿ, ಪರೀಕ್ಷೆ ಕಟ್ಟಿ, ಮೇಡಂ ಆದಳು. ಕಾಲ ಸರಿದು ಆ ಮನೆಯ ಹಿರಿಯರೆಲ್ಲ ಒಬ್ಬೊಬ್ಬರಾಗಿ ಹೋಗಿ, ಮನೆ ಅವಳ ಪಾಲಿಗೆ ಉಳಿಯಿತು. ಕಂಬದ ಹಜಾರ, ಹೆಂಚಿನ ಮಾಡು, ಹಿತ್ತಲಲ್ಲಿ ಸೇದುವ ಬಾವಿ. ಜೊತೆಗೆ ಆ ಕೋಣೆ.

ಆ ವರ್ಷ ಅವಳಿಗೆ ಮಂಡ್ಯದ ಹೊಸ ಬಡಾವಣೆಯಲ್ಲಿ ಒಂದು ಸೈಟು ಮಂಜೂರಾಯಿತು. ಎರಡು ವರ್ಷದೊಳಗೆ ಕಟ್ಟಡ ಶುರು ಮಾಡದಿದ್ದರೆ ಸೈಟು ವಾಪಸು. ಕಟ್ಟಬೇಕಾದರೆ ಹಳೆಯ ಮನೆ ಮಾರಲೇಬೇಕು, ಬೇರೆ ದಾರಿಯಿರಲಿಲ್ಲ. ಇನ್ನೊಬ್ಬರಾಗಿದ್ದರೆ ಕಣ್ಣೀರು ಹಾಕುತ್ತಿದ್ದರೇನೋ. ಅತ್ತೆ ಸ್ಕೂಲಿನಿಂದ ಒಂದು ಡಬ್ಬಿ ಸೀಮೆಸುಣ್ಣ ತಂದು ಹಜಾರದ ನೆಲದ ತುಂಬ ಹೊಸ ಮನೆಯ ಗೆರೆ ಎಳೆದಳು. ಪುಟ್ಟ ನಕಾಶೆಯಲ್ಲ, ನಿಜವಾದ ಅಳತೆಯ ಮನೆ! ಹಜಾರ ಸಾಲದೆ ಅಡುಗೆಮನೆ ಅಂಗಳಕ್ಕೆ ಹೋಯಿತು. ಸಂಜೆಯಾದರೆ ನಾವಿಬ್ಬರೂ ಆ ಗೆರೆಗಳೊಳಗೆ ಓಡಾಡುತ್ತಿದ್ದೆವು. ಗೋಡೆಯಿರುವ ಕಡೆ ನಾನೇನಾದರೂ ದಾಟಿದರೆ "ಹಣೆ ಒಡ್ಕೋತೀಯ, ಬಾಗಿಲಲ್ಲಿ ಬಾರೇ" ಎಂದು ಗದರುತ್ತಿದ್ದಳು. ನಾಲ್ಕು ದಿಕ್ಕಿಗೂ ಕಿಟಕಿ, ಮೇಲೆ ತಾರಸಿ. ತಾರಸಿಯ ಮೇಲೆ ನಿಂತು ಏನು ಮಾಡುತ್ತೀ ಎಂದು ಕೇಳಿದರೆ, "ನಿಂತ್ಕೋತೀನಿ" ಎನ್ನುತ್ತಿದ್ದಳು, ಅಷ್ಟೇ.

ಆದರೆ ಕೊಳ್ಳುವವರು ಬೇಕಲ್ಲ. ಕಬ್ಬು ಬೆಳೆಯುವ ನಮ್ಮ ಸೀಮೆಯಲ್ಲಿ ಮನೆಯ ಬೆಲೆ ಬೆಲ್ಲದ ಬೆಲೆಯ ಹಿಂದೆ ಬಾಲದ ಹಾಗೆ ಹೋಗುತ್ತಿತ್ತು. ಬೆಲ್ಲ ಬಿದ್ದಿದ್ದ ಹಿಂದಿನ ವರ್ಷಗಳಲ್ಲಿ ಮದ್ದೂರಿನಲ್ಲಿ ಒಂದು ಮನೆಯೂ ಕೈ ಬದಲಾಗಿರಲಿಲ್ಲ. ಈಗ ನಿಧಾನಕ್ಕೆ ಏಳುತ್ತಿದೆ ಎಂದು ಕೆಲವರು, ಇದು ಆರಿಹೋಗುವ ದೀಪದ ಕುಡಿ ಎಂದು ಕೆಲವರು. ಕಬ್ಬಿನ ಗದ್ದೆಗೆ ಕಾಲಿಟ್ಟು ಗೊತ್ತಿಲ್ಲದ ಅತ್ತೆ ಪ್ರತಿದಿನ ರೇಡಿಯೊಕ್ಕೆ ಕಿವಿ ಹಚ್ಚಿ ಪೇಟೆ ಧಾರಣೆ ಕೇಳತೊಡಗಿದಳು. ಮಂಡ್ಯದ ಬೆಲ್ಲ ಒಂದು ರೂಪಾಯಿ ಏರಿದರೆ ನಮ್ಮ ಮನೆಯಲ್ಲಿ ಅವತ್ತು ಪಾಯಸ!

ಬೆಲ್ಲ ಏರಿದ ವಾರ ಜನ ಬರುತ್ತಿದ್ದರು, ಇಳಿದ ವಾರ ಬೀದಿ ಖಾಲಿ. ಮಳವಳ್ಳಿಯಿಂದ ಬಂದ ಒಬ್ಬ ಗುಮಾಸ್ತರು ಬಾಗಿಲಲ್ಲೇ ನಿಂತು ದಿಕ್ಕು ನೋಡಿ, "ದಕ್ಷಿಣದ ಬಾಗಿಲು, ಆಗಿ ಬರಲ್ಲ" ಎಂದರು. "ನಂಗೂ ಆಗಿಬರ್ಲಿಲ್ಲ ಸ್ವಾಮಿ, ಅದಕ್ಕೇ ಮಾರ್ತಿರೋದು" ಎಂದಳು ಅತ್ತೆ. ಅವರು ಕಾಫಿಯನ್ನೂ ಕುಡಿಯದೆ ಹೊರಟರು. ನಾನು ಹಣೆ ಚಚ್ಚಿಕೊಂಡೆ.

ಯುಗಾದಿ ಕಳೆದ ಮೇಲೆ ಆತಗೂರಿನಿಂದ ಒಂದು ಗಾಡಿ ಬಂತು. ಆಲೆಮನೆ ನಡೆಸುವ ಗೌಡರು ಮತ್ತು ಅವರ ಹೆಂಡತಿ. ಗೌಡರದು ಮೆಲುಮಾತು. ಗೌಡ್ತಿಯ ದನಿ ಬೀದಿಯ ಆ ತುದಿಗೆ ಕೇಳುತ್ತಿತ್ತು. ಒಳಗೆ ಬಂದವರು ನೆಲದ ಮೇಲಿನ ಗೆರೆ ಕಂಡು ಗಕ್ಕನೆ ನಿಂತರು.

"ಇದೇನವ್ವ, ಇಂಗೆ ರಂಗೋಲಿ?"

"ರಂಗೋಲಿ ಅಲ್ಲ, ನನ್ನ ಹೊಸಾ ಮನೆ."

ಗೌಡ್ತಿ ಸೀರೆ ತುಸು ಎತ್ತಿ ಹಿಡಿದು ಗೆರೆ ಅಳಿಸದಂತೆ ಸುತ್ತಿ ಬಂದರು. "ಚೆಂದಾಗದೆ. ದನ ಎಲ್ಲಿ ಕಟ್ಟೀರಿ?"

ಅತ್ತೆ ಜೋರಾಗಿ ನಕ್ಕಳು. ಗೌಡ್ತಿಯೂ ನಕ್ಕರು. ಆಮೇಲೆ ಹಿತ್ತಲು, ಬಾವಿ, ಅಟ್ಟ ಎಲ್ಲ ನೋಡಿ, ಮರುವಾರವೇ ಮುಂಗಡ ಕೊಟ್ಟುಹೋದರು. ಜೂನಿನ ಹೊತ್ತಿಗೆ ರಿಜಿಸ್ಟ್ರಿ ಎಂದು ಮಾತಾಯಿತು.

ಮುಂಗಡ ಬಂದ ಸುದ್ದಿ ಬೀದಿಗೆ ಹಬ್ಬಿದ ದಿನ ಎದುರುಮನೆ ಶಾನುಭೋಗರು ಬಂದು ಜಗಲಿಯ ಮೇಲೆ ಕೂತರು. "ಈ ಬೀದೀಲಿ ಇಲ್ಲೀವರೆಗೆ ನಮ್ಮವರನ್ನ ಬಿಟ್ಟು ಬೇರೆಯವರು ಬಂದಿಲ್ಲಮ್ಮ. ನಾನೇ ತಗೋತೀನಿ, ನನ್ನ ಕೈಲಾದಷ್ಟು ಕೊಡ್ತೀನಿ." ಅವರ ಕೈಲಾದಷ್ಟು ಎಂದರೆ ಗೌಡರು ಹೇಳಿದ್ದರ ಅರ್ಧ.

"ಇದು ಬೀದಿ ಉಳಿಸೋ ಮಾತೋ, ದುಡ್ಡು ಉಳಿಸೋ ಮಾತೋ?" ಅತ್ತೆ ಕೇಳಿದಳು. ಅವರು ಎದ್ದುಹೋದರು. ಆದರೆ ಇಳಿಯುವಾಗ ಒಂದು ಮಾತು ಹೇಳಿದರು, "ಬೆಲ್ಲ ನಂಬ್ಕೊಂಡು ಕೂತಿದ್ದೀಯ. ಬಿದ್ದಾಗ ಬಾ."

ಅವರ ಬಾಯಿಗುಣವೋ ಏನೋ, ಮೇ ತಿಂಗಳಲ್ಲಿ ಬೆಲ್ಲ ಬಿತ್ತು. ರೇಡಿಯೊದವನು ಯಾವ ಭಾವವೂ ಇಲ್ಲದೆ ಓದಿದ ಅಂಕಿ ಕೇಳಿ ಅತ್ತೆ ರೇಡಿಯೊ ಆರಿಸಿಬಿಟ್ಟಳು. ರಿಜಿಸ್ಟ್ರಿಗೆ ದಿನ ಗೊತ್ತುಮಾಡಲು ಬರುತ್ತೇವೆಂದ ದಿನ ಗೌಡರು ಬರಲಿಲ್ಲ. ಮರುದಿನವೂ ಇಲ್ಲ. ಶಾನುಭೋಗರು ಮಾತ್ರ ತಮ್ಮ ಜಗಲಿಯಿಂದ ನೋಡುತ್ತಲೇ ಇದ್ದರು. ಮೂರನೇ ದಿನ ಬೆಳಿಗ್ಗೆ ಅತ್ತೆ ಇಸ್ತ್ರಿ ಸೀರೆ ಉಟ್ಟು, "ನಡಿಯೇ, ಆತಗೂರಿಗೆ" ಎಂದಳು.

ಬಸ್ಸಿಳಿದು ಗದ್ದೆ ಬದುವಿನ ಮೇಲೆ ನಡೆದು ಆಲೆಮನೆ ಮುಟ್ಟಿದಾಗ ಒಲೆ ಆರಿತ್ತು. ಬೆಲ್ಲದ ಅಚ್ಚುಗಳನ್ನು ಗೋಡೆಯುದ್ದಕ್ಕೂ ಪೇರಿಸಿದ್ದರು, ಅವು ಕೊಳ್ಳುವವರಿಲ್ಲದೆ ಬೆವರುತ್ತಿದ್ದವು. ಗೌಡರು ನಮ್ಮನ್ನು ಕಂಡು ಎದ್ದು ನಿಂತರು, ತಲೆಯೆತ್ತಲಿಲ್ಲ.

"ಮುಂಗಡ ನೀವೇ ಮಡಿಕ್ಕಳಿ ಮೇಡಮ್ಮೋರೆ. ಮಾತು ತಪ್ದೋನು ನಾನು."

ಒಳಗಿಂದ ಗೌಡ್ತಿ ಬಿರುಗಾಳಿಯ ಹಾಗೆ ಬಂದರು. "ಏನ್ ಮಡಿಕ್ಕಳಾದು? ಆ ಅಟ್ಟಿ ನಂಗೆ ಬೇಕೇ ಬೇಕು. ಎಲ್ಡು ಎಣ್ಮಕ್ಳು ಇನ್ನೆಷ್ಟು ದಿವ್ಸ ಬಸ್ಸಲ್ಲಿ ನೇತಾಡ್ಕಂಡು ಮದ್ದೂರ್ ಇಸ್ಕೂಲ್ಗೋಗ್ಬೇಕು? ದೊಡ್ಡೋಳು ಜೂನ್ಗೆ ಏಳ್ನೇ ಕ್ಲಾಸು. ಈ ಸಲ ಬುಡ್ಸಿಬುಡ್ತೀನಿ ಅಂತವ್ರೆ ಇವ್ರು!"

ಅತ್ತೆ ಗೌಡರ ಕಡೆ ತಿರುಗಿದಳು. "ಸ್ಕೂಲು ಬಿಡಿಸ್ತೀರಾ?"

"ಇನ್ನೇನ್ ಮಾಡ್ಲಿ ತಾಯಿ..."

ಬಾಗಿಲ ಹಿಂದೆ ಎರಡು ಜಡೆಗಳು ಅಲ್ಲಾಡಿದ್ದು ನನಗೆ ಕಂಡಿತು. ಅತ್ತೆಗೂ ಕಂಡಿರಬೇಕು. ಅವಳು ಮೇಡಂ ದನಿಯಲ್ಲಿ ಹೇಳಿದಳು, "ಬೆಲ್ಲ ಕಾಯತ್ತೆ, ಏಳನೇ ಕ್ಲಾಸು ಕಾಯಲ್ಲ. ಜೂನಿಗೆ ಮಕ್ಕಳನ್ನ ನನ್ನ ಹತ್ತಿರ ಕಳಿಸಿ, ಅದೇ ಮನೇಲಿ ಇರ್ತಾರೆ. ಬೆಲ್ಲ ಎದ್ದಾಗ ರಿಜಿಸ್ಟ್ರಿ ಮಾಡಿಸೋಣ."

"ಅಷ್ಟೊತ್ಗೆ ಬೇರೆ ಯಾರಾರ ಬಂದ್ರೆ?" ಗೌಡ್ತಿಗೆ ನಂಬಿಕೆ ಬರಲಿಲ್ಲ.

"ಬರ್ಲಿ. ನನ್ನ ಜನ್ಮದಲ್ಲಿ ಮೊದಲನೇ ಸಲ ಏನೋ ಒಂದು ಮಾರ್ತಾ ಇದ್ದೀನಿ. ನನಗೆ ಬೇಕಾದೋರಿಗೇ ಮಾರ್ತೀನಿ."

ಹಿಂದಿರುಗುವ ಬಸ್ಸಿನಲ್ಲಿ ಅತ್ತೆ, "ಹುಚ್ಚು ಕೆಲಸ ಮಾಡಿದ್ನೇನೇ?" ಎಂದು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಮುಂದಿನ ತಿಂಗಳೇ ಮುಂಗಡದ ದುಡ್ಡಲ್ಲಿ ಮಂಡ್ಯದ ಸೈಟಿನಲ್ಲಿ ಪಾಯ ತೋಡಿಸಿಬಿಟ್ಟಳು. ಸೈಟು ಉಳಿಯಿತು. ಪಾಯದ ಮೇಲೆ ಇಡಲು ಒಂದು ಇಟ್ಟಿಗೆಗೂ ಕಾಸಿರಲಿಲ್ಲ.

ಜೂನಿನಲ್ಲಿ ಹುಡುಗಿಯರು ಟ್ರಂಕು ಹೊತ್ತು ಬಂದರು. ಅವರು ಬಾವಿಯಲ್ಲಿ ನೀರು ಸೇದಿದ ಮೊದಲ ದಿನ ಎದುರುಮನೆಯ ಬಾಗಿಲು ದಢಾರನೆ ಮುಚ್ಚಿತು. ಅತ್ತೆ ಮಕ್ಕಳಿಗೆ ಗಟ್ಟಿಯಾಗಿ ಹೇಳಿದಳು, "ಇನ್ನೊಂದು ಕೊಡ ಸೇದ್ರೇ, ನಿಮ್ಮದೇ ಬಾವಿ." ಚಿಕ್ಕವಳು ರಾತ್ರಿ ಅಮ್ಮನನ್ನು ನೆನೆದು ಅತ್ತರೆ ಅತ್ತೆ ಅವಳನ್ನು ಸೀಮೆಸುಣ್ಣದ ಮನೆಯೊಳಗೆ ಕೂರಿಸಿ, ಯಾವ ಕೋಣೆ ಬೇಕು ಎಂದು ಕೇಳುತ್ತಿದ್ದಳು. ದೊಡ್ಡವಳು ರೇಡಿಯೊದ ಪಕ್ಕ ಕೂತು ಧಾರಣೆ ಕೇಳಿಸಿಕೊಂಡು ಕೂಗುತ್ತಿದ್ದಳು, "ಮೇಡಂ, ಏರ್ತು!" ನಾಲ್ವರೂ ಹೋ ಎನ್ನುತ್ತಿದ್ದೆವು. ಕೆಲವು ದಿನ "ಇಳೀತು" ಎನ್ನುವಾಗ ಅವಳ ದನಿಯೇ ಬರುತ್ತಿರಲಿಲ್ಲ. ಅಂಥದೊಂದು ದಿನ ಅಕ್ಕಿಮಿಲ್ಲಿನ ಒಬ್ಬರು ಬಂದು ಗೌಡರಿಗಿಂತ ಹೆಚ್ಚು ಕೊಡುತ್ತೇನೆಂದರು. ಅತ್ತೆ ಒಂದು ರಾತ್ರಿಯಿಡೀ ಮಗ್ಗುಲು ಬದಲಿಸಿದ್ದು ನನಗೆ ಗೊತ್ತು. ಬೆಳಿಗ್ಗೆ, "ಆಗಲ್ಲ ಅಂತ ಹೇಳಿಕಳಿಸು" ಎಂದಳು.

ಗೌರಿಹಬ್ಬ ಕಳೆದ ಮೇಲೆ ಬೆಲ್ಲ ನಿಜವಾಗಿ ಎದ್ದಿತು. ದಸರಾ ಹೊತ್ತಿಗೆ ಗೌಡರೂ ಗೌಡ್ತಿಯೂ ಹೊಸ ಬಟ್ಟೆ ಉಟ್ಟು ಬಂದು ಕೂತರು. ಆಗ ಅತ್ತೆ ಮಾಡಿದ್ದು ಕಂಡು ನಾನು ಬೆಪ್ಪಾದೆ. ಬೆಲೆ ಏರಿಸಿಬಿಟ್ಟಳು!

"ಅಯ್ಯೋ ನಿಮ್ಮ! ಮಾತು ಕೊಟ್ಟಿದ್ರಲ್ಲವ್ವಾ!" ಗೌಡ್ತಿ ಎದ್ದೇ ನಿಂತರು.

"ನಿಮಗೇ ಕೊಡ್ತೀನಿ ಅಂದಿದ್ದೆ. ಹಳೇ ರೇಟಿಗೆ ಅಂದಿದ್ನಾ? ಬೆಲ್ಲ ಏರ್ಬೋದು, ಮನೆ ಏರ್ಬಾರ್ದಾ?"

ಶುರುವಾಯಿತು ನೋಡಿ. ಗೌಡ್ತಿ ಒಡೆದ ಹೆಂಚು ತೋರಿಸಿದರೆ ಅತ್ತೆ ತೇಗದ ಕಂಬ ತೋರಿಸುತ್ತಿದ್ದಳು. ಇವಳು ಬಾವಿಯ ಸಿಹಿನೀರು ಎಂದರೆ ಅವರು ಗೆದ್ದಲು ಎನ್ನುತ್ತಿದ್ದರು. ಇಬ್ಬರ ಮುಖವೂ ಕೆಂಪಾಗಿ ಹೊಳೆಯುತ್ತಿತ್ತು, ಇಬ್ಬರಿಗೂ ಖುಷಿ. ಗೌಡರು ಮೆಲ್ಲಗೆ ಹೊರಗೆ ಹೋಗಿ ಬೀಡಿ ಹಚ್ಚಿದರು. ಎರಡು ಸಲ ಕಾಫಿಯಾಯಿತು. ಕೊನೆಗೆ ಗೌಡ್ತಿ ಅಡುಗೆಮನೆ ಪಕ್ಕದ ಕೋಣೆಯ ಬಾಗಿಲು ದೂಡಿ, "ಈ ಕತ್ಲೆ ಗೂಡ್ಗೂ ನಾನು ದುಡ್ಡು ಕೊಡ್ಬೇಕಾ? ಒಂದು ಕಿಟ್ಕಿನಾದ್ರೂ ಅದಾ ಇಲ್ಲಿ? ಮನ್ಸ್ರು ಇರಾ ಜಾಗನಾ ಇದು?" ಎಂದರು.

ಅತ್ತೆ ಬಾಗಿಲ ಬಳಿಗೆ ಬಂದು ಒಳಗಿನ ಕತ್ತಲೆ ನೋಡಿದಳು. ಗೌಡ್ತಿಗೂ ಏನೋ ಹೊಳೆದಿರಬೇಕು, ಬಾಗಿಲಿಂದ ಕೈ ತೆಗೆದರು.

"ಅದಕ್ಕೆ ಬೇಡ" ಎಂದಳು ಅತ್ತೆ. "ಆ ಕೋಣೆ ಬಿಟ್ಟು ಲೆಕ್ಕ ಹಾಕಿ."

ಆಮೇಲೆ ಮಾತು ಬೇಗ ಮುಗಿಯಿತು. ಹಳೆಯ ಬೆಲೆಯೇ ಉಳಿಯಿತು, ಆದರೆ ಅತ್ತೆಯ ಮನೆ ಏಳುವವರೆಗೆ ಮರಳು, ಇಟ್ಟಿಗೆ ಸಾಗಿಸುವುದು ಗೌಡರ ಗಾಡಿಗಳ ಜವಾಬ್ದಾರಿ ಎಂದು ತೀರ್ಮಾನವಾಯಿತು. ದೀಪಾವಳಿಗೆ ಮುಂಚೆ ರಿಜಿಸ್ಟ್ರಿ ಆಯಿತು. ಹಬ್ಬ ಕಳೆದು ಒಂದು ಮುಂಜಾನೆ ಶಿಂಷೆಯ ಮರಳು ತುಂಬಿದ ಗಾಡಿಗಳು ಸಾಲಾಗಿ ಮಂಡ್ಯದ ಕಡೆ ಹೊರಟವು. ಮುಂದಿನ ಗಾಡಿಯ ಮರಳ ಮೇಲೆ ಗೋಣಿತಾಟು ಹಾಸಿಕೊಂಡು ನನ್ನ ಅತ್ತೆ! ರಸ್ತೆಯಲ್ಲಿ ಅವಳ ಶಿಷ್ಯರು ಕಂಡು "ನಮಸ್ತೆ ಮೇಡಂ" ಎಂದು ಕೂಗಿದರೆ ಎರಡೂ ಕೈಯೆತ್ತಿ ಬೀಸುತ್ತಿದ್ದಳು. ಶಾನುಭೋಗರು ಜಗಲಿಯಲ್ಲಿದ್ದರು. ಅವರಿಗೂ ಬೀಸಿದಳು. ಅವರ ಕೈ ತಾನಾಗಿ ಅರ್ಧ ಎದ್ದು ಮತ್ತೆ ಕೆಳಗಿಳಿಯಿತು.

ಗೌಡ್ತಿ ಮದ್ದೂರಿನ ಮನೆಗೆ ಬಂದು ಮೊದಲು ಮಾಡಿಸಿದ ಕೆಲಸ ಆ ಕೋಣೆಯ ಗೋಡೆ ಒಡೆಸಿ ಕಿಟಕಿ ಇಡಿಸಿದ್ದು. "ಈರುಳ್ಳಿ ಕೊಳೀತವೆ, ಅದ್ಕೆಯಾ" ಎಂದರಂತೆ. ನಾವಿದ್ದ ಬಾಡಿಗೆ ಮನೆಯಿಂದ ಅತ್ತೆ ಹೋಗಿ ನೋಡಿಬಂದಳು. ಅವತ್ತು ಊಟ ಚೆನ್ನಾಗಿ ಮಾಡಿದಳು.

ಮಂಡ್ಯದ ಮನೆ ಏಳಲು ಒಂದೂವರೆ ವರ್ಷ ಹಿಡಿಯಿತು. ಸಿಮೆಂಟಿಗೆ ಪರ್ಮಿಟ್ಟು, ಕಂಬಿಗೆ ಕ್ಯೂ. ತಾರಸಿ ಹಾಕಿದ ಮೇಲೆ, ಮೆಟ್ಟಿಲಿಗೆ ಇನ್ನೂ ಹಿಡಿಕಂಬಿಯಿಲ್ಲದಾಗಲೇ ಗೋಡೆ ಹಿಡಿದುಕೊಂಡು ಹತ್ತಿದಳು. ಆ ಕಡೆ ಸಕ್ಕರೆ ಕಾರ್ಖಾನೆಯ ಹೊಗೆ, ಈ ಕಡೆ ವಿ.ಸಿ. ಫಾರಂ ದಿಕ್ಕಿನ ಗದ್ದೆಗಳ ಹಸಿರು. ಹೇಳಿದ್ದ ಹಾಗೆಯೇ, ಸುಮ್ಮನೆ ನಿಂತುಕೊಂಡಳು.

ಆ ಮನೆಯಲ್ಲಿ ಅವಳು ಬಹಳ ವರ್ಷ ಬಾಳಿದಳು. ಗೌಡರ ಹುಡುಗಿಯರಿಬ್ಬರೂ ತಮ್ಮ ಮದುವೆಗೆ ಮೊದಲ ಕರೆಯೋಲೆ ಕೊಟ್ಟದ್ದು ಅವಳಿಗೆ. ಅವಳಿಗೆ ಎಪ್ಪತ್ತು ದಾಟಿದ ಮೇಲೊಮ್ಮೆ ನಾನು ಹೋದಾಗ, ಮಂಡಿ ನೋವಿನಲ್ಲೂ ಕಣ್ಣು ಮಿನುಗಿಸಿ ಕೇಳಿದಳು, "ಈಗ ರೇಟು ಚೆನ್ನಾಗಿದೆಯಂತೆ. ಇದನ್ನೂ ಮಾರಿ ಮೈಸೂರಲ್ಲಿ ಒಂದು ಕಟ್ಟೋಣ್ವಾ?" ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳು ಅರ್ಧ ನಿಜವಾಗಿಯೇ ಹೇಳಿದ್ದಳು ಎಂದು ಆಮೇಲೆ ಅನ್ನಿಸಿತು... ಆ ಮಳೆಗಾಲದಲ್ಲೇ ಹೊರಟುಹೋದಳು.

ಮನೆ ನನ್ನ ಹೆಸರಿಗೆ ಬಂತು. ಇಷ್ಟು ದಿನ ಬಾಡಿಗೆಗೆ ಕೊಟ್ಟಿದ್ದೆ. ಮೊನ್ನೆ ದಲ್ಲಾಳಿಯೊಬ್ಬ ಫೋನು ಮಾಡಿ ಒಂದು ಬೆಲೆ ಹೇಳಿದ. ನಾನು ಸರಿ ಎಂದುಬಿಟ್ಟೆ. ಒಂದು ಮಾತೂ ಎಳೆದಾಡಲಿಲ್ಲ, ಕಿಟಕಿಗಳ ಬಗ್ಗೆಯಾಗಲಿ ತಾರಸಿಯ ಬಗ್ಗೆಯಾಗಲಿ ಹೇಳಲಿಲ್ಲ. ಅತ್ತ ಕಡೆಯವನಿಗೇ ಆಶ್ಚರ್ಯವಾಗಿ, "ಅಷ್ಟೇನಾ ಮೇಡಂ?" ಎಂದ.

ಅಷ್ಟೇ. ಫೋನಿಟ್ಟೆ. "ಅಷ್ಟಕ್ಕೇ ಕೊಟ್ಬಿಟ್ಯೇನೇ, ಪೆದ್ದೀ!" ಎಂದು ಬೈಯಲು ಈಗ ಯಾರೂ ಇಲ್ಲ.