ಮೋತ್ಯಾನ ಪೆಟ್ಟಿಗೆ

ಅಕ್ಕಾ, ಮೋತ್ಯಾ ಆ ಪೆಟ್ಟಿಗೆಯಲ್ಲಿ ಒಂದು ದಿನವೂ ಮಲಗಿರಲಿಲ್ಲ. ನಾನು ಸುಳ್ಳು ಹೇಳಿದೆ — ತಿಂಗಳಿಡೀ, ದಿನಾ ಸಂಜೆ, ಫೋನಿನಲ್ಲಿ.

ದೆಹಲಿಗೆ ವರ್ಗವಾದಾಗ ಮನೆ ಹುಡುಕಲು ನೀನು ಮೊದಲೇ ಹೋದೆ. ನಿನ್ನ ನಾಯಿಯನ್ನೂ ಅದನ್ನು ವಿಮಾನದಲ್ಲಿ ಸಾಗಿಸುವ ಪ್ಲಾಸ್ಟಿಕ್ ಪೆಟ್ಟಿಗೆಯನ್ನೂ ಮುನವಳ್ಳಿಯಲ್ಲಿ ನನ್ನ ಬಳಿ ಬಿಟ್ಟೆ. ಕುಕ್ಕರ್ ಸೀಟಿ ಹೊಡೆದರೂ ನಡುಗುವ ಪ್ರಾಣಿ ಅದು. ನಿದ್ದೆ ಗುಳಿಗೆ ಕೊಡಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಅದಕ್ಕೇ ಪೆಟ್ಟಿಗೆ ರೂಢಿ ಮಾಡಿಸುವುದನ್ನು ನೀನು ನನಗೆ ಬಿಡಿಸಿ ಬಿಡಿಸಿ ಹೇಳಿದ್ದೆ — ಊಟ ಒಳಗೇ ಇಡು, ಮೊದಲು ಬಾಗಿಲು ತೆರೆದಿರಲಿ, ಆಮೇಲೆ ಒಂದು ನಿಮಿಷ ಮುಚ್ಚು, ದಿನದಿಂದ ದಿನಕ್ಕೆ ಹೆಚ್ಚಿಸು. "ಅದು ಅವಗ ಮನಿ ಆಗಬೇಕ, ಗಿರಿಜಾ. ಜೇಲ ಆಗಬಾರದು."

ಎರಡನೆಯ ದಿನ ಬಾಗಿಲು ಮುಚ್ಚಿದೆ. ಕುಂಯ್‌ಗುಟ್ಟಿದ. ತೆರೆದೆ. ಬಂದವನೇ ನನ್ನ ಮಡಿಲಲ್ಲಿ ಮುಖ ಹುದುಗಿಸಿದ ನೋಡು, ಅಲ್ಲಿಗೆ ಮುಗಿಯಿತು. ಕರುಣೆ ಎಂದುಕೊಂಡೆ. ಕರುಣೆಯಲ್ಲ, ಅಕ್ಕಾ. ಅವನು ನಿನಗಿಂತ ನನ್ನನ್ನೇ ಹೆಚ್ಚು ಹಚ್ಚಿಕೊಳ್ಳಲಿ ಎಂಬ — ಒಂದು ನಾಯಿಯ ವಿಷಯದಲ್ಲೂ ನಿನ್ನೊಡನೆ ಪೈಪೋಟಿ! ಖಾಲಿ ಪೆಟ್ಟಿಗೆಗೆ ಎಮ್ಮೆಗೆ ಹಾಕುವ ಹತ್ತಿಕಾಳು ತುಂಬಿಟ್ಟೆ. ನೀನು ಕೇಳಿದಾಗಲೆಲ್ಲ, "ಆರಾಮ ಮಲಗ್ಯಾನ ಅಕ್ಕಾ, ಬಾಗಲಾ ಹಾಕಿದ್ರೂ ಹುಂ ಅನ್ನಂಗಿಲ್ಲ" ಎಂದೆ.

ಅವನನ್ನು ಕರೆದೊಯ್ಯಲು ನೀನು ಬಂದೆ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಕಂಡದ್ದೇ ನಾಲ್ಕೂ ಕಾಲು ಊರಿ ನಿಂತುಬಿಟ್ಟ.

"ರೂಢಿ ಆಗೇತಿ ಅಂದಿದ್ಯಲ್ಲ?" ಎಂದು ನೀನು ನನ್ನ ಮುಖ ನೋಡಿದೆ. ಆಗಲೂ ಹೇಳಬಹುದಿತ್ತು...

"ಮಂದಿ ನೋಡಿ ಅಂಜ್ಯಾನ" ಎಂದೆ. ಆಮೇಲೆ ನಾನೇ ಪೆಟ್ಟಿಗೆಯೊಳಗೆ ಕೈ ಚಾಚಿ, "ಬಾರೋ ಮೋತ್ಯಾ" ಎಂದೆ. ಕರೆದವಳು ನಾನಲ್ಲವೇ — ಬಂದ. ಕೈ ಹಿಂದಕ್ಕೆ ಎಳೆದುಕೊಂಡು ಚಿಲಕ ಹಾಕಿದೆ.

ದೆಹಲಿಯಲ್ಲಿ ಇಳಿಯುವಾಗ ಅವನ ಎರಡು ಕೋರೆಹಲ್ಲು ಮುರಿದಿದ್ದವು, ಉಗುರು ಕಿತ್ತುಹೋಗಿದ್ದವು. ಅಂದಿನಿಂದ ಮುಚ್ಚಿದ ಬಾಗಿಲು ಕಂಡರೆ ಹುಚ್ಚನಂತೆ ಆಡುತ್ತಾನೆ. ನೀನು ಸ್ನಾನ ಮಾಡುವುದೂ ಬಾಗಿಲು ತೆರೆದೇ. ಅವನನ್ನು ಬಿಟ್ಟು ಬರುವಂತಿಲ್ಲ, ಕರೆದುಕೊಂಡು ಬರುವಂತಿಲ್ಲ. ನನ್ನ ಮಗಳ ಮದುವೆಗೂ ಬರಲಾಗಲಿಲ್ಲ. ನಾಯಿಗೋಸ್ಕರ ಬಳಗ ಬಿಟ್ಟಳು ಎಂದು ಪಂಕ್ತಿಯಲ್ಲಿ ಎಲ್ಲರೂ ಆಡಿಕೊಂಡರು; ನಾನು ಹೋಳಿಗೆ ಬಡಿಸುತ್ತ ಹೋದೆ.

ಹೋದ ವಾರ ಫೋನಿನಲ್ಲಿ ನೀನು ಅತ್ತುಬಿಟ್ಟೆ. "ದಿನಾ ಮುಂಜಾನಿ ಅವನ ಬಾಯಿ ಸವರಿ, ನನ್ನದ ತಪ್ಪಪ್ಪಾ ಅಂತೇನಿ." ನಾನು ಸಮಾಧಾನ ಹೇಳಿದೆ. ನೀನು ನನ್ನನ್ನು ದೊಡ್ಡ ಮನಸ್ಸಿನವಳು ಎಂದೆ. ಆ ಮಾತು ಕೇಳಿದ ಮೇಲೆ ಇದನ್ನು ಬರೆಯಲು ಕೂತೆ.

ಇನ್ನು ಅವನ ಹತ್ತಿರ ತಪ್ಪೊಪ್ಪಿಕೊಳ್ಳಬೇಡ, ಅಕ್ಕಾ. ತಪ್ಪು ನಿನ್ನದಲ್ಲ. ಕ್ಷಮಿಸು ಎಂದು ನಾನೂ ಕೇಳುವುದಿಲ್ಲ.

ವಿಡಿಯೋ ಕಾಲಿನಲ್ಲಿ ನನ್ನ ದನಿ ಕೇಳಿದೊಡನೆ ಮೋತ್ಯಾ ಎದ್ದು ಹೋಗುತ್ತಾನೆ. "ನಿನ್ನ ಮರತಾನ ನೋಡ" ಎಂದು ನೀನು ನಗುತ್ತೀ.

ಮರೆತಿಲ್ಲ, ಅಕ್ಕಾ.