ಸೊಂಟ ಕಾಯುವ ಗುಮಾಸ್ತರು
ರೆಕಾರ್ಡು ಕೋಣೆಯ ಹಿರಿಯ ಗುಮಾಸ್ತರು ನೆಲಕ್ಕೆ ಬಿದ್ದ ಗುಂಡುಸೂಜಿಯನ್ನೂ ಆನೆಮರಿಯನ್ನು ಎತ್ತುವ ಗಾಂಭೀರ್ಯದಿಂದಲೇ ಎತ್ತುತ್ತಾರೆ. ಕಾಲು ಅಗಲಿಸಿ, ಮಂಡಿ ಮಡಿಸಿ, ಬೆನ್ನನ್ನು ಗೋಡೆಯಂತೆ ನೆಟ್ಟಗಿಟ್ಟುಕೊಂಡು, ಸೂಜಿಯನ್ನು ಎದೆಗವಚಿಕೊಂಡು ಏಳುವಷ್ಟರಲ್ಲಿ ಎದುರಿಗೆ ನಿಂತವನ ಗಡ್ಡ ಒಂದಂಗುಲ ಬೆಳೆದಿರುತ್ತದೆ. ಯಾರಾದರೂ ಕರೆದರೆ ಬರೀ ಕತ್ತು ತಿರುಗಿಸುವವರಲ್ಲ, ಇಡೀ ಮೈಯನ್ನೇ ಕಪಾಟಿನಂತೆ ಸರಿಸಿ ತಿರುಗುತ್ತಾರೆ. ಸೀನು ಬಂದರೂ ಮೇಜು ಹಿಡಿದುಕೊಂಡೇ ಸೀನುತ್ತಾರೆ. "ಏನ್ ಸಾರ್, ಆ ಸೊಂಟ ಯಾರ ಹತ್ರಾನಾದ್ರೂ ಕೇಳಿ ತಂದಿದ್ದಾ, ವಾಪಸ್ ಕೊಡ್ಬೇಕಾ?" ಎಂದು ಟೈಪಿಸ್ಟ್ ಹುಡುಗಿ ಕಿಚಾಯಿಸಿದರೆ, "ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ ಬೇಕಾಗತ್ತಮ್ಮ. ನಿಮ್ಮ ಕಡತಗಳಿಗೆಲ್ಲ ಸವೆಸೋಕಾಗಲ್ಲ" ಎನ್ನುತ್ತಾರೆ. ಮನೆಯಲ್ಲಿ ಕಾಲಿನ ಸ್ವಾಧೀನ ತಪ್ಪಿ ಮೂರು ವರ್ಷದಿಂದ ಮಲಗಿರುವ ಹೆಂಡತಿಯನ್ನು ಬೆಳಗ್ಗೆ ಕಿಟಕಿಯ ಪಕ್ಕದ ಕುರ್ಚಿಗೆ, ಸಂಜೆ ಮತ್ತೆ ಹಾಸಿಗೆಗೆ ಇವರೇ ಎತ್ತಿಕೊಂಡು ಹೋಗಬೇಕು, ಎತ್ತಲು ಇನ್ನೊಬ್ಬರಿಲ್ಲ. "ಸೊಂಟ ಹುಷಾರು ರೀ" ಎಂದು ಆಕೆ ಇವರ ಕತ್ತಿಗೆ ಕೈ ಹಾಕಿಕೊಂಡೇ ಎಚ್ಚರಿಸುತ್ತಾಳೆ. "ನೀನೇನು ಮಹಾ ಭಾರ ಬಿಡೇ" ಎನ್ನುತ್ತಿದ್ದರು ಇವರು, ಮೊದಮೊದಲು ಏದುಸಿರು ಬಿಡುತ್ತಾ, ಶುದ್ಧ ಸುಳ್ಳಾಗಿ. ಈಚೆಗೆ ತಿಂಗಳಿಂದ ತಿಂಗಳಿಗೆ ಆ ಮಾತು ನಿಜವಾಗುತ್ತಿದೆ. ಅದಕ್ಕೇ ಅವರು ಅದನ್ನು ಆಡುವುದನ್ನೇ ಬಿಟ್ಟಿದ್ದಾರೆ.